ಕರಾವಳಿಯ ಕಾಲೇಜಿನಲ್ಲಿ ಸ್ಪ್ಯಾನಿಷ್: ಕನ್ನಡ, ಕೊಂಕಣಿಯನ್ನು ಬಾಗಿಲಾಚೆ ನಿಲ್ಲಿಸದೆ ಕಲಿಸುವ ಕ್ರಮ

ಪದವಿ ಕಾಲೇಜಿನಲ್ಲಿ ಸ್ಪ್ಯಾನಿಷ್ ಸರ್ಟಿಫಿಕೇಟ್ ಕೋರ್ಸೋ ಐಚ್ಛಿಕ ಪತ್ರಿಕೆಯೋ ಶುರುವಾದಾಗ ಮೊದಲ ದಿನ ಹೇಳುವ ನಿಯಮ ಸಾಮಾನ್ಯವಾಗಿ ಒಂದೇ: ಈ ಕ್ಲಾಸಿನಲ್ಲಿ ಸ್ಪ್ಯಾನಿಷ್ ಮಾತ್ರ. ಎರಡನೇ ವಾರದ ಹೊತ್ತಿಗೆ ಆ ನಿಯಮ ಸಡಿಲವಾಗಿ, ಆ ಜಾಗದಲ್ಲಿ ಇಂಗ್ಲಿಷ್ ಬಂದು ಕೂತಿರುತ್ತದೆ. ವ್ಯಾಕರಣದ ವಿವರಣೆ ಇಂಗ್ಲಿಷಿನಲ್ಲಿ, ಪದಗಳ ಅರ್ಥ ಇಂಗ್ಲಿಷಿನಲ್ಲಿ. ಹಿಂದಿನ ಬೆಂಚಿನಲ್ಲಿ ಯಾರಾದರೂ ಕೊಂಕಣಿಯಲ್ಲಿ ಪಿಸುಗುಟ್ಟಿದರೆ ಮಾತ್ರ ಗದರಿಕೆ. ಅಂದರೆ ನಿಷೇಧ ಬಿದ್ದದ್ದು ಬೇರೆ ಭಾಷೆಗಳಿಗೆಲ್ಲ ಅಲ್ಲ, ಮನೆಮಾತಿಗೆ.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಈ ಪದ್ಧತಿಯಿಂದ ಆಗುವ ನಷ್ಟ ದೊಡ್ಡದು. ಇಲ್ಲಿನ ವಿದ್ಯಾರ್ಥಿ ಎರಡು ಮೂರು ಭಾಷೆಗಳನ್ನು ದಿನವೂ ಬಳಸುತ್ತ ಬಂದವನು. ಸ್ಪ್ಯಾನಿಷ್‌ನಲ್ಲಿ ಕಷ್ಟವೆಂದು ಹೆಸರಾದ ಹಲವು ವಿಷಯಗಳು ಕನ್ನಡದಲ್ಲೋ ಕೊಂಕಣಿಯಲ್ಲೋ ಅವನಿಗೆ ಆಗಲೇ ಬರುತ್ತವೆ. ಇಂಗ್ಲಿಷಿನ ಮೂಲಕ ಹೋದಾಗಲೇ ಅವು ಕಷ್ಟವಾಗುವುದು. ಮನೆಮಾತನ್ನು ಎಲ್ಲಿ ಒಳಗೆ ಬಿಡಬೇಕು, ಎಲ್ಲಿ ತಡೆಯಬೇಕು, ಅಂಕ ಹೇಗೆ ಹಾಕಬೇಕು ಎಂಬುದು ಕೆಳಗಿದೆ. ವಾರಕ್ಕೆ ಮೂರು ತಾಸು, 14ರಿಂದ 16 ವಾರದ ಆರಂಭಿಕ ಕೋರ್ಸನ್ನು ಮನಸ್ಸಿನಲ್ಲಿಟ್ಟು ಬರೆದದ್ದು.

ನಿಯಮ ಎಲ್ಲಿಂದ ಬಂತು

‘ಕಲಿಯುವ ಭಾಷೆ ಮಾತ್ರ’ ಎಂಬುದನ್ನು ವ್ಯಾಪಾರದ ಮಟ್ಟದಲ್ಲಿ ಜನಪ್ರಿಯಗೊಳಿಸಿದ್ದು ಮ್ಯಾಕ್ಸಿಮಿಲಿಯನ್ ಬರ್ಲಿಟ್ಜ್ 1878ರಲ್ಲಿ ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ ತೆರೆದ ಶಾಲೆ. ಅನುವಾದ ಮಾಡಿಸಿ ಮಾಡಿಸಿ ಮಾತೇ ಬರದಂತೆ ಮಾಡುತ್ತಿದ್ದ ಹಳೇ ಪದ್ಧತಿಗೆ ಅದು ಒಳ್ಳೆಯ ಉತ್ತರವೇ ಆಗಿತ್ತು. ಅಮೆರಿಕದ ವಿದೇಶಿ ಭಾಷಾ ಶಿಕ್ಷಕರ ಸಂಘಟನೆ ಆಕ್ಟ್‌ಫಲ್ 2010ರಲ್ಲಿ ಕ್ಲಾಸಿನ ಸಮಯದ 90 ಪ್ರತಿಶತಕ್ಕಿಂತ ಹೆಚ್ಚು ಕಲಿಯುವ ಭಾಷೆಯಲ್ಲೇ ನಡೆಯಲಿ ಎಂದು ಸಲಹೆ ಕೊಟ್ಟಿತು. ಅದೂ ಸರಿಯೇ. ಕಿವಿಗೆ ಬೀಳದ ಭಾಷೆ ನಾಲಿಗೆಗೆ ಬರುವುದಿಲ್ಲ.

ತೊಡಕು ಇರುವುದು ಈ ಸಲಹೆಯ ಹಿಂದೆ ಸದ್ದಿಲ್ಲದೆ ಸೇರಿಕೊಳ್ಳುವ ಇನ್ನೊಂದು ನಂಬಿಕೆಯಲ್ಲಿ. ಎರಡು ಭಾಷೆಯವನು ಎರಡನ್ನೂ ಅರ್ಧರ್ಧ ಬಲ್ಲವನು, ಅವನ ಹಳೇ ಭಾಷೆ ಹೊಸದಕ್ಕೆ ಅಡ್ಡಿ ಎಂಬ ನಂಬಿಕೆ ಅದು. ಆದರೆ ಮಾಂಟ್ರಿಯಲ್‌ನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಎಂಬ ಸಂಶೋಧಕರು 1962ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಭಾಷೆಯ ಹತ್ತು ವರ್ಷದ ಮಕ್ಕಳು ಬುದ್ಧಿ ಪರೀಕ್ಷೆಗಳಲ್ಲಿ ಒಂದೇ ಭಾಷೆಯವರಿಗಿಂತ ಮುಂದಿದ್ದರು. ಇಬ್ಬರು ಏಕಭಾಷಿಕರನ್ನು ಕೂಡಿಸಿದರೆ ಒಬ್ಬ ದ್ವಿಭಾಷಿಕ ಆಗುವುದಿಲ್ಲ ಎಂದು ಭಾಷಾ ಸಂಶೋಧಕ ಫ್ರಾಂಸ್ವಾ ಗ್ರೋಜಾನ್ 1989ರಲ್ಲಿ ವಾದಿಸಿದರು. ಆದರೂ ಅಮೆರಿಕದ ಸ್ಪ್ಯಾನಿಷ್ ವಿಭಾಗಗಳಲ್ಲಿ, ಮನೆಯಲ್ಲಿ ಸ್ಪ್ಯಾನಿಷ್ ಮಾತಾಡಿಯೇ ಬೆಳೆದ ವಿದ್ಯಾರ್ಥಿಗಳ ಭಾಷೆಯನ್ನು ‘ಕೆಟ್ಟದ್ದು’ ಎಂದು ತಿದ್ದುವುದು ಬಹುಕಾಲ ನಡೆಯಿತು. ‘ತಿರುಗಿ ಫೋನ್ ಮಾಡು’ ಅನ್ನಲು ಅವರು ಬಳಸುವ ‘ಯಮಾರ್ ಪಾರ ಅತ್ರಾಸ್’ ಎಂಬ ಪ್ರಯೋಗಕ್ಕೆ ಕೆಂಪು ಗೆರೆ ಎಳೆದವರೆಷ್ಟೋ ಮಂದಿ. ಗ್ವಾದಲೂಪೆ ವಾಲ್ದೆಸ್ ಅವರಂಥ ವಿದ್ವಾಂಸರು ದಶಕಗಳ ಕಾಲ ಪಟ್ಟುಹಿಡಿದು ಕೆಲಸ ಮಾಡಿದ ಮೇಲೆ ಇಂಥ ವಿದ್ಯಾರ್ಥಿಗಳಿಗೆ ಬೇರೆಯೇ ಪಠ್ಯಕ್ರಮ ಬೇಕು ಎಂಬ ಮಾತಿಗೆ ಬೆಲೆ ಬಂತು. ನಮ್ಮ ಕ್ಲಾಸಿನಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಆಡುವವರು ಇರುವುದಿಲ್ಲ. ಆದರೆ ಖಾರ್ವಿ ಕೊಂಕಣಿ, ಹಾಲಕ್ಕಿ ಕನ್ನಡ, ನವಾಯತಿಯಂಥ ಇಲ್ಲಿನ ಮನೆಮಾತುಗಳನ್ನಾಡುವವರು ಇದೇ ತಾತ್ಸಾರವನ್ನು ಶಾಲೆಯಲ್ಲಿ ಉಂಡೇ ಕಾಲೇಜಿಗೆ ಬಂದಿರುತ್ತಾರೆ. ಮೂರನೇ ಭಾಷೆಯ ಕ್ಲಾಸು ಅದನ್ನೇ ಮುಂದುವರಿಸಬಾರದು.

ಮೊದಲ ತಾಸು: ಭಾಷೆಗಳ ಹಾಳೆ

ಪ್ರತಿಯೊಬ್ಬರಿಗೂ ಒಂದು ಹಾಳೆ ಕೊಡಿ. ‘ಮಾತೃಭಾಷೆ’ ಎಂದು ಒಂದೇ ಕಾಲಂ ಇಡಬೇಡಿ; ಇಟ್ಟರೆ ಮನೆಯಲ್ಲಿ ಕೊಂಕಣಿ ಆಡುವವರೂ ಕನ್ನಡ ಎಂದು ಬರೆದು ಮುಗಿಸುತ್ತಾರೆ. ಬದಲಿಗೆ ಸಂದರ್ಭ ಕೇಳಿ: ಅಜ್ಜಿ ಹತ್ತಿರ ಯಾವ ಮಾತು, ಅಪ್ಪನ ಹತ್ತಿರ ಯಾವುದು, ಮೀನು ಮಾರ್ಕೆಟ್ಟಿನಲ್ಲಿ, ಬಸ್ಸಿನಲ್ಲಿ, ದೇವಸ್ಥಾನ ಮಸೀದಿ ಇಗರ್ಜಿಯಲ್ಲಿ, ಮೊಬೈಲಿನಲ್ಲಿ ಟೈಪ್ ಮಾಡುವಾಗ, ಸಿಟ್ಟು ಬಂದಾಗ. ಓದಲು ಬರುವುದು, ಬರೆಯಲು ಬರುವುದು, ಕೇಳಿದರೆ ತಿಳಿಯುವುದು ಬೇರೆ ಬೇರೆ ಇರಲಿ. ಇಪ್ಪತ್ತು ನಿಮಿಷ ಸಾಕು.

ಕಾರವಾರದ ಹಾಳೆಗಳಲ್ಲಿ ಕೊಂಕಣಿ, ಕನ್ನಡ, ಮರಾಠಿ ಒಟ್ಟಿಗೆ ಬರುತ್ತವೆ. ಭಟ್ಕಳದವರು ನವಾಯತಿ, ಉರ್ದು ಬರೆಯುತ್ತಾರೆ. ಶಿರಸಿ, ಸಿದ್ದಾಪುರದ ಕಡೆಯವರಲ್ಲಿ ಹವ್ಯಕ ಕನ್ನಡ ಇರುತ್ತದೆ, ಮುಂಡಗೋಡದಿಂದ ಬಂದವರಲ್ಲಿ ಟಿಬೆಟನ್ ಇರಬಹುದು. ಹಾಳೆಗಳನ್ನು ಜೋಪಾನವಾಗಿಡಿ. ಗುಂಪು ಮಾಡುವುದಕ್ಕೂ, ಮುಂದೆ ತಪ್ಪುಗಳ ಮೂಲ ಹುಡುಕುವುದಕ್ಕೂ ಬೇಕಾಗುತ್ತವೆ. ಗುಂಪು ಮೂವರದಿರಲಿ, ಮನೆಯಲ್ಲಿ ಕೊಂಕಣಿ ಆಡುವವರು ಒಬ್ಬರಾದರೂ, ಕನ್ನಡ ಆಡುವವರು ಒಬ್ಬರಾದರೂ ಅದರಲ್ಲಿರಲಿ.

ಅದೇ ತಾಸಿನಲ್ಲಿ ನಾಲ್ಕು ವಾಕ್ಯ ಬಾಯಿಪಾಠ ಮಾಡಿಸಿ: ‘ನೊ ಎಂತಿಯೆಂದೊ’ (ತಿಳೀಲಿಲ್ಲ), ‘ಓತ್ರ ಬೆಸ್, ಪೊರ್ ಫಬೋರ್’ (ಇನ್ನೊಂದ್ಸಲ ಹೇಳಿ), ‘ಮಾಸ್ ದೆಸ್ಪಾಸಿಯೊ’ (ನಿಧಾನಕ್ಕೆ), ‘ಕೋಮೊ ಸೆ ದೀಸೆ’ (ಇದಕ್ಕೆ ಏನಂತಾರೆ). ನಾಲ್ಕನೆಯದು ಮುಖ್ಯ. ಅದರ ಮುಂದೆ ಕನ್ನಡ ಅಥವಾ ಕೊಂಕಣಿಯ ಯಾವ ಪದ ಬೇಕಾದರೂ ಸೇರಿಸಬಹುದು ಎಂದು ಮೊದಲೇ ಹೇಳಿ.

ತಾಸನ್ನು ಹಂಚುವುದು

60 ನಿಮಿಷದಲ್ಲಿ ಮೊದಲ 5 ನಿಮಿಷ ಸ್ಪ್ಯಾನಿಷ್‌ನಲ್ಲೇ ಕುಶಲ ಪ್ರಶ್ನೆ. ಮುಂದೆ ಕೇಳುವುದು, ಓದುವುದು. ನಡುವೆ ಹೋಲಿಕೆಯ ಹೊತ್ತು, ಆಗ ಎಲ್ಲ ಭಾಷೆಗೂ ಬಾಗಿಲು ತೆರೆದಿರುತ್ತದೆ. ಆಮೇಲೆ ಜೋಡಿಯಲ್ಲಿ ಮಾತು, ಕೊನೆಗೆ ಮೂರು ವಾಕ್ಯ ಬರೆಯುವುದು. ಹೋಲಿಕೆಯ ಹೊತ್ತು ಮೊದಲ ನಾಲ್ಕು ವಾರ 15 ನಿಮಿಷ, ಹತ್ತನೇ ವಾರದವರೆಗೆ 10, ಆಮೇಲೆ 5 ನಿಮಿಷ. ಲೆಕ್ಕ ಹಾಕಿದರೆ ಸ್ಪ್ಯಾನಿಷ್‌ನ ಪಾಲು 75 ಪ್ರತಿಶತದಿಂದ ಶುರುವಾಗಿ 90 ದಾಟುತ್ತದೆ. ಆಕ್ಟ್‌ಫಲ್ ಹೇಳಿದ ಜಾಗಕ್ಕೇ ತಲುಪುತ್ತೀರಿ, ದಾರಿ ಮಾತ್ರ ಬೇರೆ.

ಈ ಹೊತ್ತು ಯಾವಾಗ ಶುರು, ಯಾವಾಗ ಮುಗಿತು ಎಂಬುದು ಕಣ್ಣಿಗೆ ಕಾಣಬೇಕು. ಬೋರ್ಡಿನ ಎಡ ಮೂಲೆಯಲ್ಲಿ ‘ಎಲ್ಲ ಭಾಷೆ’ ಎಂದು ಬರೆಯಿರಿ, ಮುಗಿದಾಗ ಒರೆಸಿ. ಗಡಿ ಸ್ಪಷ್ಟವಿಲ್ಲದ ಕ್ಲಾಸಿನಲ್ಲಿ ಆಗುವುದು ಇಷ್ಟು: ಮೊದಲು ವಿವರಣೆ ಕನ್ನಡಕ್ಕೆ ಜಾರುತ್ತದೆ, ಆಮೇಲೆ ‘ಪುಸ್ತಕ ತೆಗೀರಿ’, ‘ಬಾಗಿಲು ಹಾಕಿ’ ಎಂಬ ಸಣ್ಣ ಮಾತುಗಳೂ ಜಾರುತ್ತವೆ. ಈ ಸಣ್ಣ ಮಾತುಗಳೇ ವಿದ್ಯಾರ್ಥಿಗೆ ಸಿಗುವ ನಿಜವಾದ ಸ್ಪ್ಯಾನಿಷ್. ಅವನ್ನು ಕಳೆದುಕೊಂಡರೆ ಪಾಠಪುಸ್ತಕವೊಂದೇ ಉಳಿಯುತ್ತದೆ. ಆಜ್ಞೆ, ಹಾಜರಿ, ಅಭಿನಂದನೆ ಯಾವ ವಾರದಲ್ಲೂ ಸ್ಪ್ಯಾನಿಷ್ ಬಿಟ್ಟು ಬೇರೆಯದರಲ್ಲಿ ಬೇಡ.

ಹೋಲಿಕೆಯ ಹೊತ್ತಿನಲ್ಲಿ ಏನು ಮಾಡಬೇಕು

‘ಇಷ್ಟ’ವನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಿಂದ ಹೊರಟ ವಿದ್ಯಾರ್ಥಿ ‘ಯೊ ಗುಸ್ತೊ ಪೆಸ್ಕಾದೊ’ ಎಂದು ಬರೆಯುತ್ತಾನೆ, ಏಕೆಂದರೆ ಇಂಗ್ಲಿಷಿನಲ್ಲಿ ಇಷ್ಟಪಡುವವನೇ ಕರ್ತೃ. ಬೋರ್ಡಿನಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ‘ಮೆ ಗುಸ್ತ ಎಲ್ ಪೆಸ್ಕಾದೊ’ ಎಂದು ಬರೆದು, ಅರ್ಥ ಹೇಳದೆ, ಮೀನಿನ ಚಿತ್ರ ತೋರಿಸಿ. ಎರಡನೆಯದನ್ನು ಕನ್ನಡದವರು ತುಂಬಲಿ: ‘ನನಗೆ ಮೀನು ಇಷ್ಟ’. ಮೂರನೆಯದನ್ನು ಕೊಂಕಣಿಯವರು: ‘ಮಾಕಾ ನುಸ್ತೆಂ ಆವಡ್ತಾ’. ಈಗ ಒಂದೇ ಪ್ರಶ್ನೆ ಕೇಳಿ: ‘ಮೆ’ ಯಾವುದರ ಎದುರಿಗೆ ಬಂತು? ‘ನನಗೆ’, ‘ಮಾಕಾ’. ‘ನಾನು’ ಎಲ್ಲೂ ಇಲ್ಲ. ನಿಯಮವನ್ನು ನೀವು ಹೇಳುವುದೇ ಬೇಡ.

ಇಲ್ಲಿಗೆ ನಿಲ್ಲಿಸಬೇಡಿ, ಮುಂದೆ ಎರಡು ತಪ್ಪು ಕಾದಿವೆ. ಸಿಗಡಿ ಅಂದಾಗ ‘ಮೆ ಗುಸ್ತನ್ ಲಾಸ್ ಗಾಂಬಸ್’ ಎಂದು ಕ್ರಿಯಾಪದ ಬಹುವಚನಕ್ಕೆ ಹೋಗುತ್ತದೆ. ಕನ್ನಡದ ‘ಇಷ್ಟ’ ಬದಲಾಗದ ಕಾರಣ ಕನ್ನಡದವರು ಇದನ್ನು ಮರೆಯುತ್ತಾರೆ. ‘ಇಷ್ಟವಾಗುತ್ತವೆ’ ಎಂದು ಪೂರ್ತಿ ಹೇಳಿಸಿದರೆ ಸರಿಹೋಗುತ್ತದೆ. ಕೊಂಕಣಿಯವರಿಗೆ ‘ಆವಡ್ತಾತ್’ ಸಿದ್ಧವಾಗಿಯೇ ಇದೆ. ಎರಡನೆಯದು ‘ಅಕ್ಕನಿಗೆ ಅನ್ನ ಇಷ್ಟ’ ಎಂಬ ವಾಕ್ಯದಲ್ಲಿ. ‘ಆ ಮಿ ಎರ್ಮಾನ ಲೆ ಗುಸ್ತ ಎಲ್ ಅರ್ರೋಸ್’ ಎಂಬಲ್ಲಿ ‘ಆ’ ನಮ್ಮ ‘ಗೆ’ ಪ್ರತ್ಯಯದ ಕೆಲಸ ಮಾಡುತ್ತದೆ, ಅದರ ಮೇಲೆ ‘ಲೆ’ ಕೂಡ ಬೇಕು. ಎಲ್ಲರೂ ಬಿಡುವುದು ಈ ‘ಲೆ’ಯನ್ನೇ. ಅದಕ್ಕೆ ಸಮನಾದದ್ದು ಕನ್ನಡದಲ್ಲೂ ಇಲ್ಲ, ಕೊಂಕಣಿಯಲ್ಲೂ ಇಲ್ಲ ಎಂದು ನೇರವಾಗಿ ಹೇಳಿ, ಹತ್ತು ವಾಕ್ಯ ರೂಢಿ ಮಾಡಿಸಿ. ಹೋಲಿಕೆ ಎಲ್ಲಿ ಮುಗಿಯುತ್ತದೆ ಎಂದು ತೋರಿಸುವುದೂ ಹೋಲಿಕೆಯ ಪಾಠವೇ.

ಹೀಗೆ ನೇರ ಉಪಯೋಗಕ್ಕೆ ಬರುವ ಇನ್ನು ಕೆಲವು ಜಾಗಗಳಿವೆ.

ಮನುಷ್ಯರು ಕರ್ಮವಾದಾಗ ಬರುವ ‘ಆ’. ‘ಯಮೇ ಆ ಮಿ ಎರ್ಮಾನೊ’ ಅಂದರೆ ಅಣ್ಣನನ್ನು ಕರೆದೆ. ‘ಕೊಂಪ್ರೇ ಪೆಸ್ಕಾದೊ’ ಅಂದರೆ ಮೀನು ಕೊಂಡೆ. ಕನ್ನಡದಲ್ಲಿ ‘ಮೀನು ಕೊಂಡೆ’ ನಡೆಯುತ್ತದೆ, ‘ಅಣ್ಣ ಕರೆದೆ’ ನಡೆಯುವುದಿಲ್ಲ, ‘ಅನ್ನು’ ಬೇಕೇ ಬೇಕು. ಕೊಂಕಣಿಯಲ್ಲಂತೂ ‘ಭಾವಾಕ’ ಎಂಬ ಒಂದೇ ರೂಪ ‘ಅಣ್ಣನಿಗೆ’, ‘ಅಣ್ಣನನ್ನು’ ಎರಡಕ್ಕೂ ಆಗುತ್ತದೆ, ಸ್ಪ್ಯಾನಿಷ್‌ನ ‘ಆ’ ಇದ್ದ ಹಾಗೇ. ಇಂಗ್ಲಿಷಿನಲ್ಲಿ ಇದರ ಸುಳಿವೇ ಇಲ್ಲ. ಎಚ್ಚರ ಬೇಕಾದ್ದು ‘ಪುಸ್ತಕವನ್ನು ಓದಿದೆ’ ಎಂಬಂಥ ವಾಕ್ಯದಲ್ಲಿ: ನಮ್ಮಲ್ಲಿ ‘ಅನ್ನು’ ಬಂದರೂ ಸ್ಪ್ಯಾನಿಷ್‌ನಲ್ಲಿ ‘ಆ’ ಬರುವುದಿಲ್ಲ.

‘ಸೆರ್’ ಮತ್ತು ‘ಎಸ್ತಾರ್’. ಎರಡೂ ‘ಇರು’, ‘ಆಗಿರು’ ಎಂಬ ಅರ್ಥದ ಕ್ರಿಯಾಪದಗಳು; ‘ಅವನು, ಅವಳು, ಅದು’ಗೆ ಅವುಗಳ ರೂಪ ‘ಎಸ್’ ಮತ್ತು ‘ಎಸ್ತಾ’. ಪಠ್ಯಪುಸ್ತಕಗಳು ಶಾಶ್ವತ, ತಾತ್ಕಾಲಿಕ ಎಂದು ವಿವರಿಸಿ ಗೊಂದಲ ಮಾಡುತ್ತವೆ (ಸತ್ತವನಿಗೂ ‘ಎಸ್ತಾ ಮುಯೆರ್ತೊ’ ಎಂದೇ ಹೇಳುವುದು). ನಮ್ಮವರಿಗೆ ಬೇರೆ ಆರಂಭ ಸಿಗುತ್ತದೆ. ‘ಅವಳು ಡಾಕ್ಟರ್’, ‘ಸಮುದ್ರ ದೊಡ್ಡದು’ ಎಂದು ಕ್ರಿಯಾಪದವೇ ಇಲ್ಲದೆ ಹೇಳಬಹುದಾದ ಕಡೆ ‘ಎಸ್’. ‘ಅವಳು ಆಸ್ಪತ್ರೆಯಲ್ಲಿದ್ದಾಳೆ’, ‘ಚಹಾ ಬಿಸಿ ಇದೆ’ ಎಂದು ‘ಇರು’ ಬೇಕಾದ ಕಡೆ ‘ಎಸ್ತಾ’. ಇದು ಆರಂಭಕ್ಕೆ ಹಿಡಿಕೆ, ಪೂರ್ಣ ನಿಯಮವಲ್ಲ. ‘ಮನೆ ದೊಡ್ಡದಾಗಿದೆ’ ಎಂಬಲ್ಲಿ ‘ಇದೆ’ ಇದ್ದರೂ ‘ಎಸ್ ಗ್ರಾಂದೆ’. ಸಭೆ ಎಲ್ಲಿ ನಡೆಯುತ್ತದೆ ಎಂದು ಹೇಳುವಾಗಲೂ ‘ಎಸ್’. ‘ಕಾರವಾರದಲ್ಲಿ ಒಂದು ಬಂದರು ಇದೆ’ ಎಂಬುದಕ್ಕೆ ‘ಐ’ ಎಂಬ ಮೂರನೇ ಪದ ಬರುತ್ತದೆ, ‘ಬಂದರು ಕಾರವಾರದಲ್ಲಿದೆ’ ಎಂಬುದಕ್ಕೆ ‘ಎಸ್ತಾ’. ಕನ್ನಡದಲ್ಲಿ ಈ ವ್ಯತ್ಯಾಸ ಪದಗಳ ಕ್ರಮದಲ್ಲೇ ಅಡಗಿದೆ.

ಎರಡು ಭೂತಕಾಲಗಳು. ‘ತಿಂದೆ’ಗೆ ‘ಕೊಮೀ’, ‘ತಿನ್ನುತ್ತಿದ್ದೆ’ಗೆ ‘ಕೊಮೀಯ’. ಚಿಕ್ಕವಳಿದ್ದಾಗ ದಿನಾ ತಿನ್ನುತ್ತಿದ್ದೆ ಎಂಬುದಕ್ಕೂ, ಫೋನ್ ಬಂದಾಗ ತಿನ್ನುತ್ತಿದ್ದೆ ಎಂಬುದಕ್ಕೂ ಕನ್ನಡದ ಒಂದೇ ರೂಪ, ಸ್ಪ್ಯಾನಿಷ್‌ನ ಒಂದೇ ರೂಪ. ತಪ್ಪಾಗುವುದು ‘ಇತ್ತು’, ‘ಗೊತ್ತಿತ್ತು’ ಬಂದಾಗ. ರೂಪ ಸರಳ ಭೂತಕಾಲದಂತೆ ಕಂಡರೂ ಸ್ಪ್ಯಾನಿಷ್‌ನಲ್ಲಿ ಸಾಮಾನ್ಯವಾಗಿ ಎರಡನೆಯದೇ ಬೇಕು.

‘ಅವನು ಬರಲಿ ಅಂತ ನನ್ನಾಸೆ’ ಎಂಬುದು ‘ಕಿಯೇರೊ ಕೆ ಬೆಂಗ’. ಆಸೆ, ಸಂಶಯದಂಥ ಮಾತುಗಳಲ್ಲಿ ಕ್ರಿಯಾಪದ ತಳೆಯುವ, ಭಯ ಹುಟ್ಟಿಸುವ ‘ಸಬ್ಜಂಕ್ಟಿವ್’ ರೂಪಕ್ಕೆ ಬಾಗಿಲು ಈ ‘ಅಲಿ’. ಆಸೆ, ಹಾರೈಕೆಗಳಿಗೆ ಇಷ್ಟು ಸಾಕು, ಉಳಿದದ್ದು ಮುಂದಿನ ಸೆಮಿಸ್ಟರಿಗೆ.

ನಾಮಪದದ ಲಿಂಗದಲ್ಲಿ ಕನ್ನಡದಿಂದ ಸಹಾಯವಿಲ್ಲ. ನಮ್ಮ ಲಿಂಗ ಅರ್ಥದ ಮೇಲೆ ನಿಂತಿದೆ, ಮೇಜಿಗೂ ಕಿಟಕಿಗೂ ‘ಅದು’ ಒಂದೇ. ಕೊಂಕಣಿಯಲ್ಲಿ ವಸ್ತುಗಳಿಗೂ ಲಿಂಗವಿದೆ, ‘ವ್ಹಡ್ಲೊ, ವ್ಹಡ್ಲಿ, ವ್ಹಡ್ಲೆಂ’ ಎಂದು ವಿಶೇಷಣವೂ ಹೊಂದಿಕೊಳ್ಳುತ್ತದೆ. ಈ ಪಾಠ ಬಂದಾಗ ಕೊಂಕಣಿಯವರಿಂದಲೇ ಉಳಿದವರಿಗೆ ವಿವರಣೆ ಕೊಡಿಸಿ. ಶಾಲೆಯಲ್ಲಿ ಯಾವತ್ತೂ ಕೆಲಸಕ್ಕೆ ಬಾರದ್ದು ಎನಿಸಿಕೊಂಡಿದ್ದ ಭಾಷೆಗೆ ಅವತ್ತು ಕ್ಲಾಸಿನಲ್ಲಿ ಕೆಲಸ ಸಿಗುತ್ತದೆ. ಆದರೆ ಕೊಂಕಣಿಯಲ್ಲಿ ಸ್ತ್ರೀಲಿಂಗವಾದದ್ದು ಸ್ಪ್ಯಾನಿಷ್‌ನಲ್ಲೂ ಹಾಗೇ ಇರುತ್ತದೆ ಎಂಬ ಭರವಸೆ ಬೇಡ.

ಪರಿಚಿತ ಪದಗಳ ಆಮಿಷ

ಪೋರ್ಚುಗೀಸಿನಿಂದ ಬಂದ ಪದಗಳು ಈ ಕರಾವಳಿಯಲ್ಲಿ ಹೇರಳ. ಬಟಾಟೆ ಸ್ಪೇನಿನಲ್ಲಿ ‘ಪತಾತ’, ಪಾವ್ ‘ಪಾನ್’, ಚಾವಿ ‘ಯಾವೆ’, ಇಗರ್ಜಿ ‘ಇಗ್ಲೇಸಿಯ’. ಮೊದಲ ವಾರ ಇದರಿಂದ ಧೈರ್ಯ ಬರುತ್ತದೆ, ಅರ್ಧ ತಾಸು ಕೊಡಿ. ಅದಕ್ಕಿಂತ ಹೆಚ್ಚು ಬೇಡ. ‘ಜನೇಲ್’ ಅನ್ನುವವರು ಸ್ಪ್ಯಾನಿಷ್‌ನಲ್ಲೂ ಅದನ್ನೇ ಹುಡುಕುತ್ತಾರೆ, ಅಲ್ಲಿ ಕಿಟಕಿ ‘ಬೆಂತಾನ’. ಗೋವಾ ಹತ್ತಿರವಿರುವ ಕಾರಣಕ್ಕೆ ಸ್ಪ್ಯಾನಿಷ್ ಸುಲಭ ಎಂಬ ಮಾತಿಗೆ ಇಷ್ಟೇ ಬೆಲೆ.

ಉಚ್ಚಾರ ಮತ್ತು ಕನ್ನಡ ಲಿಪಿ

ಸ್ಪ್ಯಾನಿಷ್‌ನ ಸ್ವರಗಳು, ದಂತ್ಯ ‘ತ’, ‘ದ’, ಮಹಾಪ್ರಾಣವಿಲ್ಲದ ‘ಪ’, ‘ಕ’ ಕನ್ನಡಿಗರ ನಾಲಿಗೆಗೆ ಸಲೀಸು. ಅಕ್ಷರ ನೋಡಿದೊಡನೆ ಇಂಗ್ಲಿಷ್ ಓದಿನ ಅಭ್ಯಾಸ ಎದ್ದು ‘ತ’ ಹೋಗಿ ‘ಟ’ ಆಗುತ್ತದೆ, ಅಷ್ಟೇ. ಹಾಗಾಗಿ ಮೊದಲು ಕೇಳಿಸಿ, ಹೇಳಿಸಿ, ಆಮೇಲೆ ಬರಹ ತೋರಿಸಿ. ‘ಪೇರೊ’ (ಆದರೆ), ‘ಪೆರ್ರೊ’ (ನಾಯಿ) ವ್ಯತ್ಯಾಸಕ್ಕೆ ‘ಕರ್ರಗೆ’ ಎಂದು ಹೇಳಿಸಿದರೆ ನಾಲಿಗೆ ತಾನೇ ಅದುರುತ್ತದೆ.

ಕನ್ನಡದಿಂದ ಬರುವ ತಪ್ಪುಗಳು ಮುಖ್ಯವಾಗಿ ಮೂರು. ಪದದ ಮೊದಲಿನ ‘ಎ’ಗೆ ‘ಯೆ’, ‘ಒ’ಗೆ ‘ವೊ’ ಬರುತ್ತದೆ: ‘ಎಸ್ತಾ’ ಹೋಗಿ ‘ಯೆಸ್ತಾ’, ‘ಓತ್ರೊ’ ಹೋಗಿ ‘ವೋತ್ರೊ’. ಕೊನೆಯ ವ್ಯಂಜನಕ್ಕೆ ‘ಉ’ ಅಂಟುತ್ತದೆ: ‘ಕೊಮೇರು’. ಮೂರನೆಯದು ಒತ್ತು. ‘ಆಬ್ಲೊ’ ಅಂದರೆ ಮಾತಾಡುತ್ತೇನೆ, ‘ಅಬ್ಲೋ’ ಅಂದರೆ ಅವನು ಮಾತಾಡಿದ. ಒತ್ತು ತಪ್ಪಿದರೆ ಕಾಲವೂ ಹೋಯಿತು, ಕರ್ತೃವೂ ಹೋಯಿತು.

ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದನ್ನು ಪೂರ್ತಿ ನಿಷೇಧಿಸಬೇಡಿ, ನಿಷೇಧಿಸಿದರೆ ಮೇಜಿನ ಕೆಳಗೆ ಬರೆಯುತ್ತಾರೆ. ಮೊದಲ ಮೂರು ವಾರ, ಪುಟದ ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ ಬರೆಯಲಿ. ಒತ್ತು ಬೀಳುವ ಕಡೆ ದೀರ್ಘ ಹಾಕಲಿ, ಮೇಲಿನ ಎರಡು ಪದಗಳಲ್ಲಿ ಮಾಡಿದಂತೆ. ನಾಲ್ಕನೇ ವಾರ ಅಳಿಸಲು ಹೇಳಿ. ಮುಂದುವರಿಸಿದರೆ ಕಾಗುಣಿತ ಕೆಡುತ್ತದೆ: ಒಂದೇ ‘ಬ’ ಸದ್ದಿಗೆ ಎರಡು ರೋಮನ್ ಅಕ್ಷರಗಳಿವೆ, ‘ಆಬ್ಲೊ’ದ ಮೊದಲಲ್ಲಿ ಉಚ್ಚಾರವಿಲ್ಲದ ಇನ್ನೊಂದು ಅಕ್ಷರ ಕೂತಿದೆ. ಕನ್ನಡ ಲಿಪಿ ಇವೆರಡನ್ನೂ ಮುಚ್ಚಿಬಿಡುತ್ತದೆ.

ಬೆರಕೆ ಮಾತು ಬಂದಾಗ

ಜೋಡಿ ಮಾತಿನಲ್ಲಿ ಒಬ್ಬಳು ‘ಅಯೇರ್ ಫುಯಿ ಆ ಲಾ ಸಂತೆ’ ಅನ್ನುತ್ತಾಳೆ ಎಂದುಕೊಳ್ಳಿ. ನಿನ್ನೆ ಸಂತೆಗೆ ಹೋದೆ. ಕಾಲ ಸರಿ, ‘ಆ’ ಸರಿ, ನಾಮಪದದ ಮುಂದೆ ಬರಬೇಕಾದ ಆರ್ಟಿಕಲ್ ಕೂಡ ಇದೆ. ಇಲ್ಲದ್ದು ಒಂದು ಪದ. ಅರ್ಧಕ್ಕೆ ತಡೆಯಬೇಡಿ, ಮುಗಿಸಿದ ಮೇಲೆ ‘ಆ, ಅಲ್ ಮೆರ್ಕಾದೊ’ ಎಂದು ಉತ್ತರದ ದನಿಯಲ್ಲೇ ಪದ ಕೊಡಿ. ಭಾಷಾವಿಜ್ಞಾನಿ ಶಾನಾ ಪಾಪ್ಲಾಕ್ ನ್ಯೂಯಾರ್ಕಿನ ಪೋರ್ಟೊರಿಕೊ ಮೂಲದವರ ಮಾತನ್ನು ಅಧ್ಯಯನ ಮಾಡಿ 1980ರಲ್ಲಿ ತೋರಿಸಿದ್ದು ಇದನ್ನೇ: ಬೆರಕೆ ಮಾತಿಗೂ ವ್ಯಾಕರಣವಿದೆ, ವಾಕ್ಯದ ನಡುವೆ ಭಾಷೆ ಬದಲಿಸುವುದು ಎರಡೂ ಭಾಷೆ ಚೆನ್ನಾಗಿ ಬಲ್ಲವರ ಲಕ್ಷಣ. ನಮ್ಮ ಹುಡುಗಿ ಸ್ಪ್ಯಾನಿಷ್‌ನಲ್ಲಿ ಆ ಮಟ್ಟಕ್ಕೆ ಬಂದಿಲ್ಲ, ನಿಜ. ಆದರೆ ಅವಳ ವಾಕ್ಯದ ಕಟ್ಟು ಸ್ಪ್ಯಾನಿಷ್‌ನದು.

ತಡೆಯಬೇಕಾದದ್ದು ಬೇರೆ. ಮೂರು ನಿಮಿಷದ ಮಾತಿನಲ್ಲಿ ಎರಡು ನಿಮಿಷ ಪೂರ್ತಿ ಕನ್ನಡದಲ್ಲಿ ಹೋದರೆ ಅದು ಬೆರಕೆಯಲ್ಲ, ತಪ್ಪಿಸಿಕೊಳ್ಳುವುದು. ಸಾಮಾನ್ಯವಾಗಿ ಕಾರಣ ಸೋಮಾರಿತನವಲ್ಲ, ಕೆಲಸವೇ ಅವರ ಮಟ್ಟ ಮೀರಿದ್ದು. ವಿಷಯ ಸಣ್ಣದು ಮಾಡಿ, ಐದು ಪದ ಮೊದಲೇ ಬೋರ್ಡಿಗೆ ಹಾಕಿ.

ಭಾಷೆಗಳ ನಡುವಿನ ಮೇಲು ಕೀಳು ಕ್ಲಾಸಿನೊಳಗೂ ಬರುತ್ತದೆ. ಮಾಜಾಳಿಯವನ ಕೊಂಕಣಿಗೂ ಭಟ್ಕಳದವನದ್ದಕ್ಕೂ ರೂಪ ಬೇರೆ. ಶಿರಸಿ ಕಡೆಯವಳು ಎರಡನೇ ಕಾಲಂನಲ್ಲಿ ‘ನನಗೆ’ ಬದಲು ಹವ್ಯಕದ ‘ಯಂಗೆ’ ಎಂದು ಬರೆದರೆ ಯಾರೋ ನಗುತ್ತಾರೆ. ಎಲ್ಲ ರೂಪಗಳನ್ನೂ ಬೋರ್ಡಿನಲ್ಲಿ ಬರೆಯಿರಿ, ಯಾವುದು ಶುದ್ಧ ಎಂದು ತೀರ್ಪು ಕೊಡಬೇಡಿ. ನಿಮಗೆ ಕೊಂಕಣಿ ಬಾರದಿದ್ದರೆ ಇಬ್ಬರನ್ನು ಕೇಳಿ. ಉತ್ತರ ಬೇರೆಯಾದರೆ ಎರಡನ್ನೂ ಬರೆಯಿರಿ. ಮನೆಯಲ್ಲಿ ಕನ್ನಡ ಒಂದೇ ಇರುವವರು ಹಿಂದೆ ಬೀಳದಂತೆ ಎರಡನೇ ಕಾಲಂ ಯಾವತ್ತೂ ಖಾಲಿ ಬಿಡಬೇಡಿ.

ಓದಲು ಏನು ಕೊಡಬೇಕು

ಮ್ಯಾಡ್ರಿಡ್‌ನ ಕೆಫೆ, ಫುಟ್‌ಬಾಲ್ ಎಂಬಲ್ಲಿಗೇ ನಿಲ್ಲುವ ಪಾಠಗಳು ಸ್ಪ್ಯಾನಿಷ್ ಜಗತ್ತು ಒಂದೇ ಭಾಷೆಯದು ಎಂಬ ಭ್ರಮೆ ಹುಟ್ಟಿಸುತ್ತವೆ. ಸ್ಪೇನಿನ 1978ರ ಸಂವಿಧಾನ ಕ್ಯಾಸ್ಟಿಲಿಯನ್ ಜೊತೆಗೆ ಆಯಾ ಪ್ರದೇಶಗಳ ಬೇರೆ ಭಾಷೆಗಳೂ ಅಧಿಕೃತವಾಗಲು ದಾರಿ ಮಾಡಿತು. ಕತಲಾನ್, ಗಲೀಸಿಯನ್, ಬಾಸ್ಕ್ ಹಾಗೆ ಬಂದವು. ಪರಾಗ್ವೆಯ 1992ರ ಸಂವಿಧಾನದಲ್ಲಿ ಗ್ವಾರನಿ ಸ್ಪ್ಯಾನಿಷ್‌ಗೆ ಸಮನಾದ ಅಧಿಕೃತ ಭಾಷೆ. ಎರಡೂ ಬೆರೆತ ಆಡುಮಾತಿಗೆ ಅಲ್ಲಿ ‘ಹೊಪರಾ’ ಎಂಬ ಹೆಸರೇ ಇದೆ. ಬೊಲಿವಿಯದ 2009ರ ಸಂವಿಧಾನ ಸ್ಪ್ಯಾನಿಷ್ ಜೊತೆ 36 ಮೂಲನಿವಾಸಿ ಭಾಷೆಗಳನ್ನು ಅಧಿಕೃತವೆಂದು ಹೆಸರಿಸಿದೆ. ಆರನೇ ವಾರದ ನಂತರ ಪರಾಗ್ವೆಯ ಬಗ್ಗೆ 80ರಿಂದ 100 ಪದಗಳ ಸರಳ ಸ್ಪ್ಯಾನಿಷ್ ಪಠ್ಯ ನೀವೇ ಬರೆದು ಓದಿಸಿ, ಚರ್ಚೆ ಕನ್ನಡದಲ್ಲೋ ಕೊಂಕಣಿಯಲ್ಲೋ ನಡೆಯಲಿ. ಒಂದು ಭಾಷೆಯಲ್ಲಿ ಓದಿ ಇನ್ನೊಂದರಲ್ಲಿ ಹೇಳುವ ಈ ಕ್ರಮಕ್ಕೆ ವೇಲ್ಸ್‌ನ ಸೆನ್ ವಿಲಿಯಮ್ಸ್ 1994ರಲ್ಲಿ ಹೆಸರು ಕೊಟ್ಟರು. ಇಂದು ಟ್ರಾನ್ಸ್‌ಲ್ಯಾಂಗ್ವೇಜಿಂಗ್ ಎಂದು ಪರಿಚಿತವಾಗಿರುವುದು ಅದೇ.

ಅಂಕ

ಕ್ಲಾಸಿನಲ್ಲಿ ಎಲ್ಲ ಭಾಷೆಗೂ ಜಾಗ ಕೊಟ್ಟು ಪರೀಕ್ಷೆಯಲ್ಲಿ ಅನುವಾದವನ್ನು ಇಂಗ್ಲಿಷಿಗೆ ಮಾತ್ರ ಕೇಳಿದರೆ ವಿದ್ಯಾರ್ಥಿಗಳು ನಿಮ್ಮ ನಿಜವಾದ ನಿಲುವು ಏನೆಂದು ತಿಳಿದುಕೊಳ್ಳುತ್ತಾರೆ. ಆಂತರಿಕ ಮೌಲ್ಯಮಾಪನದಲ್ಲಿ ಕನಿಷ್ಠ 10 ಅಂಕ ಮಧ್ಯಸ್ಥಿಕೆಗೆ, ಅಂದರೆ ಒಂದು ಭಾಷೆಯಲ್ಲಿ ತಿಳಿದದ್ದನ್ನು ಆ ಭಾಷೆ ಬಾರದವರಿಗೆ ಇನ್ನೊಂದರಲ್ಲಿ ಮುಟ್ಟಿಸುವುದಕ್ಕೆ, ಇಡಿ. ಯುರೋಪಿನ ಭಾಷಾ ಮಟ್ಟಗಳ ಚೌಕಟ್ಟಿನ 2020ರ ಪೂರಕ ಸಂಪುಟದಲ್ಲಿ ಇದಕ್ಕೆ ವಿವರವಾದ ಮಾನದಂಡಗಳಿವೆ, ಹಾಗಾಗಿ ವಿಭಾಗದ ಸಭೆಯಲ್ಲಿ ಆಧಾರ ಕೇಳಿದರೆ ತೋರಿಸಬಹುದು.

ಕೆಲಸ ಹೀಗಿರಲಿ: ಬಸ್ಸಿನ ವೇಳೆ ಬದಲಾದ ಬಗ್ಗೆ ಸ್ಪ್ಯಾನಿಷ್‌ನಲ್ಲಿ ಆರು ಸಾಲಿನ ಸೂಚನೆ. ಸ್ಪ್ಯಾನಿಷ್ ಬಾರದ ಅಜ್ಜಿಗೆ ಅದನ್ನು ಕನ್ನಡ, ಕೊಂಕಣಿ, ಯಾವುದರಲ್ಲಾದರೂ ಎರಡು ನಿಮಿಷದಲ್ಲಿ ಹೇಳಬೇಕು. ಅಜ್ಜಿಯ ಪಾತ್ರದಲ್ಲಿ ಸಹಪಾಠಿ ಒಂದು ಪ್ರಶ್ನೆ ಕೇಳುತ್ತಾರೆ, ಅದನ್ನು ಸ್ಪ್ಯಾನಿಷ್‌ನಲ್ಲಿ ನಿಮ್ಮನ್ನು ಕೇಳಿ ಉತ್ತರ ಮುಟ್ಟಿಸಬೇಕು. ವಿಷಯ ಸರಿಯಾಗಿ ತಲುಪಿದ್ದಕ್ಕೆ 4, ಅಜ್ಜಿಗೆ ಬೇಕಾದದ್ದನ್ನು ಮಾತ್ರ ಆರಿಸಿ ಹೇಳಿದ್ದಕ್ಕೆ 2, ಸ್ಪ್ಯಾನಿಷ್ ಪ್ರಶ್ನೆಗೆ 4. ನಿಮಗೆ ಬಾರದ ಭಾಷೆಯನ್ನು ವಿದ್ಯಾರ್ಥಿ ಆರಿಸಿಕೊಂಡರೆ, ಕೇಳಿದ ಸಹಪಾಠಿ ಕನ್ನಡದಲ್ಲಿ ಮೂರು ಸಾಲು ಬರೆದುಕೊಡಲಿ. ಅದನ್ನು ನೋಡಿ ಮೊದಲ ನಾಲ್ಕು ಅಂಕ ಹಾಕಿ.

ಮೌಖಿಕ ಪರೀಕ್ಷೆಯಲ್ಲಿ ಬೆರೆತ ಪದಗಳಿಗೆ ಎಂಟನೇ ವಾರದವರೆಗೆ ಅಂಕ ಕಡಿಯಬೇಡಿ. ಆಮೇಲೆ, ಕ್ಲಾಸಿನಲ್ಲಿ ಕಲಿಸಿದ ಪದಕ್ಕೆ ಬದಲು ಕನ್ನಡ ಬಂದರೆ ಮಾತ್ರ ಅರ್ಧ ಅಂಕ ಕಡಿಯಿರಿ. ಕಲಿಸದ ಪದಕ್ಕೆ ‘ಕೋಮೊ ಸೆ ದೀಸೆ’ ಎಂದು ಕೇಳಿ ಮುಂದುವರಿದವರಿಗೆ ಅಂಕ ಹೋಗಬಾರದು. ಈ ನಿಯಮಗಳನ್ನು ಮೊದಲ ವಾರವೇ ಕನ್ನಡದಲ್ಲಿ ಅಚ್ಚು ಹಾಕಿ ಕೈಗೆ ಕೊಡಿ. ದೆಲೆಯಂಥ ಅಂತರರಾಷ್ಟ್ರೀಯ ಪರೀಕ್ಷೆಗೆ ಕೂರುವವರಿದ್ದರೆ, ಅಲ್ಲಿ ಮನೆಮಾತಿನ ನೆರವು ಸಿಗುವುದಿಲ್ಲ ಎಂದು ಸ್ಪಷ್ಟವಾಗಿ ತಿಳಿಸಿ, ಅವರಿಗೆ ಕೊನೆಯ ಮೂರು ವಾರ ಪೂರ್ತಿ ಸ್ಪ್ಯಾನಿಷ್‌ನಲ್ಲೇ ಅಣಕು ಪರೀಕ್ಷೆ ನಡೆಸಿ.